ಸಹಕಾರದ ತರಬೇತಿಯೂ ಚಂದ್ರಾಮನ ಎಡಗಾಲೂ

ಅಧ್ಯಾಪಕರ ತರಬೇತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟು ಒಟ್ಟಾಗಿ ಕೆಲಸ ಮಾಡುವುದನ್ನು ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕೆಂದು ನಮ್ಮ ಆಸ್ಪತ್ರೆಯ ಅಧ್ಯಾಪಕರಿಗೆ ನೀವು ಹೈದರಾಬಾದಿನ ಬೇಗಂಪೇಟೆಯ ಹೋಟೆಲೊಂದರಲ್ಲಿ ಮೂರು ದಿನ ತರಬೇತಿ ಕೊಟ್ಟಿರಿ. ಆ ಮೂರು ದಿನದೊಳಗೆ ನಮ್ಮ ವಾರ್ಡಿನಲ್ಲಿ ಒಬ್ಬ ಕೂಲಿಕಾರ ಕಾಲು ಕಳೆದುಕೊಂಡ. ಅದಕ್ಕಾಗಿ ಹತ್ತೊಂಬತ್ತು ವರ್ಷದ ನರ್ಸಿಂಗ್ ವಿದ್ಯಾರ್ಥಿನಿ ಮಾನಸಾಳನ್ನು, ನೀವೇ ಅಧ್ಯಕ್ಷರಾಗಿದ್ದ ವಿಚಾರಣಾ ಸಮಿತಿ ಅಮಾನತು ಮಾಡಿದೆ. ಇಂಗ್ಲಿಷಿನಲ್ಲಿ ಎರಡು ಸಲ ಅರ್ಜಿ ಕೊಟ್ಟೆ, ಉತ್ತರವಿಲ್ಲ. ನಿಮ್ಮ ಮನೆಮಾತೂ ಕನ್ನಡವೇ ಎಂದು ಗೊತ್ತಿರುವುದರಿಂದ ಈ ಸಲ ನಾಲ್ಕು ಜನ ಓದುವಂತೆ ಬಹಿರಂಗ ಪತ್ರವಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ತರಬೇತಿ ಬಲು ಚೆನ್ನಾಗಿತ್ತು. ಮುಂದಿನ ಸಾಲುಗಳೆಲ್ಲ ಡಾಕ್ಟರಾದ ಅಧ್ಯಾಪಕರಿಗೆ, ಹಿಂದಿನ ಎರಡು ಸಾಲು ನರ್ಸಿಂಗ್ ಅಧ್ಯಾಪಕಿಯರಾದ ನಮಗೆ. ಫಿಸಿಯೋಥೆರಪಿಯವರನ್ನು ಕರೆಯುವುದೇ ಮರೆತುಹೋಗಿತ್ತು. ಬೇಗಂ ಬಜಾರಿಗೆ ಹೋಗಿ ಸನ್ಮಾನದ ಶಾಲು ತರುವ ಘನಕಾರ್ಯ ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನ್ನ ಪಾಲಿಗೆ ಬಂತು. ಸಮಾನತೆಯ ಬಗ್ಗೆ ನೀವು ಒಂದೂವರೆ ಗಂಟೆ ಮಾತಾಡಿದಿರಿ, ಮುಗಿದ ಕೂಡಲೇ ಡಾಕ್ಟರೆಲ್ಲ ಮೊದಲು ಊಟಕ್ಕೆ ಏಳಬೇಕೆಂದು ಮೈಕಿನಲ್ಲಿ ಹೇಳಿಸಿದಿರಿ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಪಾತ್ರ ಅದಲುಬದಲು ಮಾಡಿ ಅಭಿನಯಿಸುವ ಆಟವನ್ನಂತೂ ಮರೆಯಲಾರೆ. ನರ್ಸಿನ ಪಾತ್ರ ಸರ್ಜರಿ ಪ್ರಾಧ್ಯಾಪಕರದು. ಅವರು ಒಂದೂ ಮಾತಾಡಲಿಲ್ಲ, ಐದು ನಿಮಿಷ ಕೈಕಟ್ಟಿ ನಿಂತು ತಲೆಯಾಡಿಸಿದರು. ನೀವು ಮೊದಲ ಬಹುಮಾನ ಕೊಟ್ಟಿರಿ. ನಾನೂ ನಕ್ಕು ಚಪ್ಪಾಳೆ ತಟ್ಟಿದೆ.

ಈಗ ಕಾಲಿನ ವಿಷಯ. ಯಾದಗಿರಿ ಕಡೆಯಿಂದ ದುಡಿಯಲು ಬಂದ ಚಂದ್ರಾಮ ನಾಚಾರಂನಲ್ಲಿ ಶೆಡ್ಡು ಕಟ್ಟುವಾಗ ಬಿದ್ದು ಎಡಗಾಲು ಮುರಿದುಕೊಂಡಿದ್ದ. ತರಬೇತಿಯ ಮೊದಲ ದಿನ ಸಂಜೆ ಪ್ಲಾಸ್ಟರ್ ಹಾಕಿದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಮಾನಸಾಗೆ ಹೇಳಿದ: "ಯವ್ವಾ, ಕಾಲು ಭಾಳ ಸಿಡಿಯಾಕತ್ತೈತಿ. ಬೆರಳು ನನ್ನವ ಅಲ್ಲ ಅನ್ನಂಗ ಆಗ್ಯಾವ." ಅಂದು ವಾರ್ಡಿನ ಸಿಬ್ಬಂದಿಯಲ್ಲಿ ಅವನ ಕನ್ನಡ ತಿಳಿಯುತ್ತಿದ್ದವಳು ಅವಳೊಬ್ಬಳೇ. ಮುಟ್ಟಿ ನೋಡಿದಳು, ಬೆರಳು ತಣ್ಣಗಿದ್ದವು. ಪ್ಲಾಸ್ಟರ್ ಬಿಗಿಯಾಗಿ ರಕ್ತ ಓಡುತ್ತಿಲ್ಲ, ತಕ್ಷಣ ಸೀಳಿಸಬೇಕು ಎಂದು ಅವಳಿಗೆ ಹೊಳೆಯಿತು. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ನಿಮ್ಮ ವರದಿ ಕೇಳುತ್ತದೆ. ಹೇಳುವ ಹಾಗಿಲ್ಲ, ಸ್ವಾಮಿ. ವಿದ್ಯಾರ್ಥಿನಿ ತನ್ನ ಅಧ್ಯಾಪಕಿಗೆ ಹೇಳಬೇಕು, ಅಧ್ಯಾಪಕಿ ಡಾಕ್ಟರಿಗೆ ಹೇಳಬೇಕು. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆದರೂ ಹುಡುಗಿ ಧೈರ್ಯ ಮಾಡಿ ವಾರ್ಡಿನ ಡ್ಯೂಟಿ ಡಾಕ್ಟರ ಎದುರು ಹೋಗಿ ನಿಂತಳು. "ಮೀ ಮೇಡಂ ಎಕ್ಕಡ?" ಎಂದು ಅವರು ತೆಲುಗಿನಲ್ಲಿ ಗದರಿದರು, ನಿಮ್ಮ ಮೇಡಂ ಎಲ್ಲಿ ಅಂತ. ಕಲಿಸಿದ ಪಾಠ ನೆನಪಾಗಿ ಅವಳು ಹಿಂದೆ ಸರಿದಳು.

ಮೇಡಂ ಅಂದರೆ ನಾನು. ಅವಳು ಒಂಬತ್ತು ಸಲ ನನಗೆ ಫೋನ್ ಮಾಡಿದಳು. ಅಂದು ಹೋಟೆಲಿನಲ್ಲಿ 'ಗಮನವಿಟ್ಟು ಆಲಿಸುವ ಕಲೆ'ಯ ಪಾಠ. ಆಲಿಸುವುದಕ್ಕೆ ಅಡ್ಡಿಯಾಗಬಾರದೆಂದು ನಮ್ಮ ಫೋನುಗಳನ್ನೆಲ್ಲ ನೀವು ಬುಟ್ಟಿಗೆ ಹಾಕಿಸಿದ್ದಿರಿ. ಅತ್ತ ವಾರ್ಡಿಗೆ ಫಿಸಿಯೋಥೆರಪಿಸ್ಟರು ಬಂದು, ಬೆರಳು ಅಲ್ಲಾಡುತ್ತಿಲ್ಲ ಎಂದು ತಮ್ಮ ರಿಜಿಸ್ಟರಿನಲ್ಲಿ ಬರೆದು ಹೋದರು. ಅದನ್ನು ಡಾಕ್ಟರು ಓದುವುದಿಲ್ಲ. ಮಾನಸಾ ನರ್ಸುಗಳ ಫೈಲಿನಲ್ಲಿ ಬರೆದಳು. ಅದನ್ನು ಯಾರೂ ಓದುವುದಿಲ್ಲ. ಸಂಜೆ ನಾಲ್ಕಕ್ಕೆ ಫೋನು ಕೈಗೆ ಸಿಕ್ಕಿ ನಾನು ಡಾಕ್ಟರಿಗೆ ಹೇಳಿದ ಮೇಲೆ ಪ್ಲಾಸ್ಟರ್ ಸೀಳಿದರು. ಆರು ತಾಸು ತಡವಾಗಿತ್ತು. ಮಾರನೆಯ ದಿನ ನಾವು ಪ್ರಮಾಣಪತ್ರ ಹಿಡಿದು ಫೋಟೋಕ್ಕೆ ನಿಂತಿದ್ದ ಹೊತ್ತಿಗೆ ಚಂದ್ರಾಮನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

'ವಿದ್ಯಾರ್ಥಿನಿಯು ಮಾಹಿತಿ ತಲುಪಿಸುವಲ್ಲಿ ವಿಫಲಳಾಗಿದ್ದಾಳೆ' ಎಂದು ಬರೆದು ರುಜು ಹಾಕಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ. ಎತ್ತು ಯಾರೆಂದು ನಾನೇ ಹೇಳುತ್ತೇನೆ. "ಡಾಕ್ಟರ ಎದುರು ಬಾಯಿ ತೆಗೆಯಬೇಡಿ, ಏನಿದ್ದರೂ ನನಗೆ ಹೇಳಿ" ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಕಲಿಸುವವಳು ನಾನು. ನನಗೂ ಹಾಗೇ ಕಲಿಸಿದ್ದರು ಎನ್ನುವುದು ಅರ್ಧ ಸತ್ಯ. ಡಾಕ್ಟರ ಹತ್ತಿರ ಮಾತಾಡುವ ಆ ಚೂರು ದೊಡ್ಡಸ್ತಿಕೆ ನನ್ನೊಬ್ಬಳಿಗೇ ಇರಲಿ ಎಂಬ ಆಸೆ ಇನ್ನರ್ಧ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಿಮಗೆ ನಾಚಿಕೆಯ ತರಬೇತಿ ಯಾರೂ ಕೊಟ್ಟಿಲ್ಲವೆಂದು ಕಾಣುತ್ತದೆ.

ಮೊನ್ನೆ ಚಂದ್ರಾಮನ ಹೆಂಡತಿ ಹಂಪಮ್ಮ ನನ್ನನ್ನು ಹಿಡಿದು ನಿಲ್ಲಿಸಿದಳು. "ಅಕ್ಕಾರ, ಆ ಹುಡುಗಿ ಅವತ್ತು ಎಲ್ಲಾರ ಹಂತೇಕ ಓಡ್ಯಾಡಿದಳ್ರಿ. ಆಕೀನ್ನ ಯಾಕ ಮನಿಗೆ ಕಳಸೀರಿ?" ಇದಕ್ಕೆ ಉತ್ತರ ನೀವೇ ವಾರ್ಡಿಗೆ ಬಂದು ಹೇಳಿ.

ಸೋಮವಾರ ಮಾನಸಾಳ ಪರೀಕ್ಷೆ. ಅದಕ್ಕೆ ಮೊದಲು ಅಮಾನತು ರದ್ದಾಗಬೇಕು, ಆ ಆದೇಶದಲ್ಲಿ ಅವಳ ಹೆಸರು ಹೊಡೆದು ನನ್ನದು ಬರೆಯಿರಿ. ಕೆಳಗೆ ಜಾಗ ಉಳಿದರೆ ನಿಮ್ಮದನ್ನೂ ಸೇರಿಸಿ. ತಡ ಮಾಡಬೇಡಿ. ಅವಳ ತರಗತಿಯ ಹುಡುಗಿಯರು ಈಗ ರೋಗಿಗಳನ್ನು ಹೇಗಿದ್ದೀರಿ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಯಾಕೆಂದು ಒಬ್ಬಳನ್ನು ವಿಚಾರಿಸಿದೆ. "ಕೇಳಿದರೆ ತಾನೇ ಮೇಡಂ, ಯಾರಿಗಾದರೂ ಹೇಳಬೇಕಾಗುವುದು?" ಅಂದಳು.

ಇಂತಿ,
ತಪ್ಪು ಪಾಠವನ್ನು ಬಹಳ ಚೆನ್ನಾಗಿ ಕಲಿಸಿದ
ಪ್ರಿಯಂವದಾ
ನರ್ಸಿಂಗ್ ಅಧ್ಯಾಪಕಿ, ಹೈದರಾಬಾದ್