ಅಪ್ಪನ ಹಳದಿ ಬೆಳಕು

18 ನವೆಂಬರ್ 2018, ಭಾನುವಾರ

ಅಪ್ಪನ ಟಾರ್ಚನ್ನು ಸರಿಮಾಡಿದೆನೋ, ಕೆಡಿಸಿದೆನೋ ತಿಳಿಯುತ್ತಿಲ್ಲ.

ವಾರವಿಡೀ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೈ, ರಜೆಯಲ್ಲಿ ಊರಿಗೆ ಬಂದರೂ ಸುಮ್ಮನಿರುವುದಿಲ್ಲ. ಆ ಚಿಕ್ಕ ಟಾರ್ಚ್ ಬಿಚ್ಚಿ, ಮಂಕು ಹಳದಿಯ ಹಳೆಯ ಎಲ್‌ಇಡಿ ಕಿತ್ತು, ಜೋಳದ ಕಾಳಿನಷ್ಟು ಪುಟ್ಟ ಹೊಸದನ್ನು ಬೆಸುಗೆ ಹಾಕಿದೆ. ಮೊದಲು ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿ ಹತ್ತಲೇ ಇಲ್ಲ. ಮತ್ತೆ ಕಿತ್ತು ಹಾಕಿದೆ. ಒತ್ತಿದರೆ ಎದುರುಮನೆ ಗೋಡೆಯ ಬಿರುಕೂ ಕಂಡಿತು. ಎಷ್ಟು ಹಿಗ್ಗಿದ್ದೆ ನಾನು.

ಮುಸ್ಸಂಜೆ ಅಪ್ಪ ಅದನ್ನೇ ಹಿಡಿದು ಕುರಿದೊಡ್ಡಿಗೆ ಹೋದರು. ಕತ್ತಲಾದ ಮೇಲೆ ಅವ್ವ ಎಂದಿನಂತೆ ಬಾಗಿಲಲ್ಲಿ ನಿಂತಳು. ಹುಣಸೆಮರದ ಹತ್ತಿರ ಹಳದಿ ಬೆಳಕು ಕಂಡರೆ ಸಾಕು, ಅವಳು ಹಂಚಿಗೆ ರೊಟ್ಟಿ ಹಾಕುತ್ತಾಳೆ. ಊರಲ್ಲಿ ಉಳಿದವರದೆಲ್ಲ ಬಿಳಿ. ಇವತ್ತು ಬಿಳಿ ಬೆಳಕೊಂದು ಬಂತು. "ಯಾರೋ ಬರಾಕತ್ಯಾರ," ಅಂದು ಅವ್ವ ಅದರ ಹಿಂದಿನ ಕತ್ತಲನ್ನೇ ನೋಡುತ್ತ ನಿಂತಳು. ನಾನು ಹೇಳುವಷ್ಟರಲ್ಲಿ ಅಪ್ಪ ಕಟ್ಟೆ ಹತ್ತಿದ್ದರು. ಹಂಚು ಇನ್ನೂ ಖಾಲಿ.

"ದಾರಿ ಚಲೋ ಕಂಡ್ತವ್ವ," ಅಂದರು ಅಪ್ಪ, ನನಗೆ ಬೇಜಾರಾಗಬಾರದೆಂದು.

ಅವ್ವ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ ಅಂದಳು: "ಹಳೇದ ಹಾಕವ್ವ. ದಾರಿ ನಿಮ್ಮಪ್ಪಗ ಗೊತ್ತೈತಿ."

ಹಳೆಯ ಎಲ್‌ಇಡಿಯನ್ನು ಹೊಲಿಗೆ ಯಂತ್ರದ ಬಾಬಿನ್ ಡಬ್ಬಿಯಲ್ಲಿ ಇಟ್ಟಿದ್ದೆ, ಪುಣ್ಯ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಬೆಸುಗೆ ಕಡ್ಡಿ ಕಾಯಲಿಕ್ಕೆ ಇಟ್ಟಿದ್ದೇನೆ, ಅದು ಕಾಯುವವರೆಗೆ ಒಂದು ಗಳಿಗೆ ಕಣ್ಣು ಮುಚ್ಚಿ…