ತಿರುಗಿತು ನೋಡೇ, ಗುಬ್ಬಿ

ಬುಧವಾರ, ೧೪ನೇ ತಾರೀಖು

ಪ್ರೀತಿಯ ಗುಬ್ಬಿ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು, ಅದನ್ನೇ ನೋಡುತ್ತಾ ಐದು ನಿಮಿಷ ಕೂತೆ. ಪೂರ್ತಿ ಸುಳ್ಳೇನಲ್ಲ, ಇರಲಿ. ಬಲಗೈ ತೋರುಬೆರಳಿಗೆ ಪಟ್ಟಿ ಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದೇ ಕಾರಣ. ಫೋನ್ ಮಾಡಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ಫೋನಿನಲ್ಲಿ ಅಷ್ಟು ಆಡಿದವಳಿಗೆ ಮತ್ತೆ ಅದನ್ನೇ ಕೈಗೆತ್ತಿಕೊಳ್ಳುವ ಧೈರ್ಯವಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲ, ನಾನು ನಡುವೆ ಫೋನ್ ಇಟ್ಟುಬಿಡುವುದಿಲ್ಲ.

ಮೊದಲು ಸುದ್ದಿ. ನಮ್ಮ ವಾಷಿಂಗ್ ಮೆಷಿನ್ ಮತ್ತೆ ಓಡುತ್ತಿದೆ. ನಾನೇ ರಿಪೇರಿ ಮಾಡಿದೆ. ನಗಬೇಡ.

ಅದರ ಕಾಯಿಲೆ ನಿನಗೆ ಗೊತ್ತೇ ಇದೆ. ಗುಂಯ್ ಅನ್ನುತ್ತಿತ್ತು, ಒಳಗಿನ ಡ್ರಮ್ ಮಾತ್ರ ತಿರುಗುತ್ತಿರಲಿಲ್ಲ. ಇಷ್ಟು ದಿನ ಬಕೆಟ್ಟಿನಲ್ಲೇ ಒಗೆದೆ. ದಪ್ಪ ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ತಿರುಚುವ ವಿದ್ಯೆಯನ್ನೂ ಕಲಿತೆ. ಹೋದ ವಾರ ಸೊಂಟ ಹಿಡಿದುಕೊಂಡಿತು. ರಿಪೇರಿಯವನನ್ನು ಕರೆಸಿದೆ. ಅವನು ಸ್ಕ್ರೂಡ್ರೈವರ್ ಕೂಡ ಹೊರಗೆ ತೆಗೆಯಲಿಲ್ಲ. "ಹದಿನಾರು ವರ್ಷದ ಮೆಷಿನ್ನು, ಮೇಡಂ. ಆಯಸ್ಸು ಮುಗೀತು. ಹೊಸದು ತಗೊಳ್ಳಿ" ಅಂದು ನೀರು ಕುಡಿದು ಹೋದ.

ನನಗೆ ಹಟ ಬಂತು. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ಕಣ್ಣು ಕೆಡಿಸಿಕೊಂಡವಳು ನಾನು. ಊರವರ ತಪ್ಪನ್ನೆಲ್ಲ ಹುಡುಕುವವಳಿಗೆ ಮನೆಯ ಮೂಲೆಯಲ್ಲಿ ಕೂತ ತಪ್ಪು ಕಾಣದೆ ಹೋದೀತೆ? ಶನಿವಾರ ಬೆಳಿಗ್ಗೆ ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಮೆಷಿನ್ನನ್ನು ಗೋಡೆಯಿಂದ ಈಚೆಗೆ ಎಳೆದೆ. ಎಳೆದೆ ಎನ್ನುವುದು ದೊಡ್ಡ ಮಾತು. ಒಂದು ಸಲ ಎಡಗಾಲು, ಒಂದು ಸಲ ಬಲಗಾಲು, ಹಟಮಾರಿ ಮಗುವನ್ನು ಶಾಲೆಗೆ ನಡೆಸಿದ ಹಾಗೆ ನಡೆಸಿದೆ. ಹಿಂದಿನ ತಗಡಿನ ಎಂಟು ಸ್ಕ್ರೂ ಬಿಚ್ಚಿದರೆ, ರೋಗ ಎದುರಿಗೇ ಬಿದ್ದಿತ್ತು. ಬೆಲ್ಟು. ಸಡಿಲವಾಗಿ, ಅಂಚೆಲ್ಲ ನಾರು ನಾರಾಗಿ, ಡ್ರಮ್ಮಿನ ಹಿಂದಿನ ದೊಡ್ಡ ಚಕ್ರದಿಂದ ಜಾರಿ ತಳದಲ್ಲಿ ಮಲಗಿತ್ತು. ಇಷ್ಟೇ.

ಅದನ್ನೇ ಚೀಲದಲ್ಲಿಟ್ಟುಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಗಲ್ಲಾದಲ್ಲಿದ್ದ ಹೆಂಗಸು ಬೆಲ್ಟಿನ ಮೇಲಿನ ನಂಬರು ಓದಿ, ಅಂಥದ್ದೇ ಒಂದು ತಂದಿಟ್ಟಳು. ಹಾಕುವವರು ಯಾರು ಎಂದು ಕೇಳಿದಳು. ನಾನೇ ಅಂದೆ.

"ಒಬ್ರೇನಾ? ಆಗಲ್ಲಮ್ಮ. ಒಬ್ರು ಬೆಲ್ಟು ಒತ್ತಿ ಹಿಡೀಬೇಕು, ಇನ್ನೊಬ್ರು ಚಕ್ರ ತಿರುಗಿಸ್ಬೇಕು. ಮನೇಲಿ ಯಾರಾದ್ರೂ ಇದ್ದಾರೆ ತಾನೆ?"

ಇದ್ದಾರೆ ಅಂದುಬಿಟ್ಟೆ. ಯಾಕೆ ಹಾಗಂದೆನೋ. ಅವಳು ನಂಬಿದಳು, ನಾನು ದಾರಿಯುದ್ದಕ್ಕೂ ನೆಲ ನೋಡಿಕೊಂಡು ನಡೆದೆ.

ಅವಳು ಹೇಳಿದ್ದು ನಿಜ. ಮೋಟರಿನ ಚಿಕ್ಕ ಚಕ್ರಕ್ಕೆ ಬೆಲ್ಟು ಸಿಕ್ಕಿಸಿ ದೊಡ್ಡದಕ್ಕೆ ಎಳೆದರೆ ಇಲ್ಲಿ ಜಾರುತ್ತದೆ, ಇಲ್ಲಿ ಹಿಡಿದರೆ ಅಲ್ಲಿ ಜಾರುತ್ತದೆ. ಬೆರಳು ನಡುವೆ ಸಿಕ್ಕಿಕೊಂಡಿದ್ದು ಆಗಲೇ. ಬೆರಳು ಬಾಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಎಷ್ಟೋ ಹೊತ್ತಾದ ಮೇಲೆ, ಪ್ರೆಸ್ಸಿನಿಂದ ಕರಡಿನ ಕಟ್ಟು ಕಟ್ಟಿಕೊಂಡು ಬರುವ ದಾರ ಕಣ್ಣಿಗೆ ಬಿತ್ತು. ಬೆಲ್ಟನ್ನು ದೊಡ್ಡ ಚಕ್ರದ ಒಂದು ಕಡೆಗೆ ದಾರದಿಂದ ಬಿಗಿಯಾಗಿ ಕಟ್ಟಿದೆ. ಆಮೇಲೆ ಎರಡೂ ಕೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಬೆಲ್ಟು ತಾನಾಗಿ ಸುತ್ತಲೂ ಏರಿ ಕೂತಿತು. ದಾರ ಕತ್ತರಿಸಿದೆ, ತಗಡು ಮುಚ್ಚಿದೆ, ಗುಂಡಿ ಒತ್ತಿದೆ.

ಡ್ರಮ್ ತಿರುಗಿದ ತಕ್ಷಣ ನಾನು ಜೋರಾಗಿ ಕೂಗಿದೆ: "ತಿರುಗಿತು ನೋಡೇ, ಗುಬ್ಬಿ!"

ಕೂಗಿದ ಮೇಲೆ ನೀನಿಲ್ಲ ಎನ್ನುವುದು ನೆನಪಾಯಿತು. ನೀನು ಹೋಗಿ ಏಳು ತಿಂಗಳಾದರೂ ಬಾಯಿಗೆ ಗೊತ್ತಾಗಿಲ್ಲ. ಮೆಷಿನ್ನಿನೊಳಗೆ ನನ್ನ ಎರಡು ಸೀರೆ, ಒಂದು ಟವಲು ಸುತ್ತುತ್ತಿದ್ದವು. ಅಷ್ಟು ದೊಡ್ಡ ಹೊಟ್ಟೆಗೆ ಅಷ್ಟೇ ಬಟ್ಟೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಅವತ್ತು ಫೋನಿನಲ್ಲಿ ಮೆಷಿನ್ ಕೆಟ್ಟಿದೆ ಅಂದಾಗ ನೀನು, "ಅದನ್ನ ಗುಜರಿಗೆ ಹಾಕೇ, ಎಷ್ಟು ದಿನ ಅಂತ ಹೆಣಗಾಡ್ತೀಯ?" ಅಂದೆ. ನನ್ನ ಸೊಂಟದ ಚಿಂತೆಯಿಂದಲೇ ಅಂದದ್ದು. ನಾನು ಏನಂದೆ? "ಹೊಸದು ಸಿಕ್ಕ ಕೂಡಲೇ ಹಳೇದನ್ನ ಗುಜರಿಗೆ ಹಾಕೋದು ನಿನಗೆ ರೂಢಿ ಆಗಿದೆ." ಅಂದು ಇಟ್ಟುಬಿಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹದಿನೆಂಟು ವರ್ಷ ಒಂದೇ ಬಾಡಿಗೆ ಮನೆಯಲ್ಲಿ ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ತಿಂದ ನಮ್ಮ ಮೇಲೆ ನಾನು ಆ ದೊಣ್ಣೆ ಬೀಸಿದೆ. ನೀನು ಮತ್ತೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅದರ ಪಕ್ಕದಲ್ಲೇ ಕೂತು, ಅದು ಬಡಿದುಕೊಂಡು ನಿಲ್ಲುವ ತನಕ ಕೇಳಿಸಿಕೊಂಡೆ.

ಇನ್ನೊಂದೂ ಇದೆ. ನಿನ್ನ ಮದುವೆಯ ದಿನ ನನಗೆ ಜ್ವರ ಬಂದಿರಲಿಲ್ಲ. ಸೀರೆ ಉಟ್ಟು, ತಲೆ ಬಾಚಿ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ನಿಂತವಳು ಮತ್ತೆ ಒಳಗೆ ಹೋಗಿ ಮಲಗಿದೆ. ನಿನ್ನವರು ಕೆಟ್ಟವರಾಗಿದ್ದರೆ ಬಂದು ಜಗಳವಾದರೂ ಆಡುತ್ತಿದ್ದೆ. ಅವರು ಒಳ್ಳೆಯವರು. ಅದೇ ನನ್ನ ಕಷ್ಟವಾಗಿತ್ತು. ನಲವತ್ತಾರನೇ ವಯಸ್ಸಿನಲ್ಲಿ ನಿನಗೆ ಸಿಕ್ಕ ಸಂತೋಷವನ್ನು ಎದುರು ನಿಂತು ನೋಡುವಷ್ಟು ದೊಡ್ಡ ಮನಸ್ಸು ಅವತ್ತು ನನ್ನಲ್ಲಿರಲಿಲ್ಲ.

ಕ್ಷಮಿಸು ಎಂದು ಬರೆದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಬರೆಯುತ್ತಿದ್ದೇನೆ. ಕ್ಷಮಿಸು. ಅವರಿಗೂ ಹೇಳು.

ಬಟ್ಟೆ ಆಗಿದೆ ಎಂದು ಮೆಷಿನ್ ಕರೆಯುತ್ತಿದೆ. ಹೋಗಿ ಹರವಿ ಬರುತ್ತೇನೆ.

ನಿನ್ನ,
ಗೂಬೆ

ಮರೆತಿದ್ದು: ಲಕೋಟೆಯ ಮೇಲೆ ವಿಳಾಸ ಬರೆಯಲು ನಾನು ಯಾವ ಚೀಟಿಯನ್ನೂ ಹುಡುಕಲಿಲ್ಲ. ಹೋದ ತಿಂಗಳು ಎರಡನೇ ಶನಿವಾರ ನಿಮ್ಮ ಗೇಟಿನವರೆಗೂ ಬಂದಿದ್ದೆ. ಕಿಟಕಿ ತೆರೆದಿತ್ತು. ಅವರು ಪೇಪರಿನಿಂದ ಏನೋ ಓದಿ ಹೇಳುತ್ತಿದ್ದರು, ನೀನು ಮೇಜಿಗೆ ತಲೆ ಇಟ್ಟು ನಗುತ್ತಿದ್ದೆ. ಹದಿನೆಂಟು ವರ್ಷದಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕರೆಗಂಟೆಯ ಮೇಲೆ ಇಟ್ಟ ಬೆರಳನ್ನು ತೆಗೆದು ವಾಪಸ್ ಬಸ್ಸು ಹತ್ತಿದೆ. ಈ ಭಾನುವಾರ ಹತ್ತೂವರೆಗೆ ಬರುತ್ತೇನೆ. ಒತ್ತುತ್ತೇನೆ.