ಬಾಗಿಲ ಪಕ್ಕದ ಕುರ್ಚಿ

ಮ್ಯಾಂಟಿ, ಯೂಟಾ
ಮಂಗಳವಾರ

ಪ್ರೀತಿಯ ಲರೂ ಅಕ್ಕನಿಗೆ,

ನಿಮಗಿಂತ ಆರು ವರ್ಷ ದೊಡ್ಡವಳು ಅಕ್ಕ ಎಂದು ಕರೆದಳಲ್ಲ ಎಂದು ನಗಬೇಡಿ. ನೀವು ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು. ನಾನು ಬಂದು ಒಂಬತ್ತು ದಿನ.

ಭಾನುವಾರದ ಊಟಕ್ಕೆ ಮೇಜಿನ ತುದಿಯ ನಿಮ್ಮ ದೊಡ್ಡ ಕುರ್ಚಿಯನ್ನು ನನಗೆ ಬಿಟ್ಟುಕೊಡುತ್ತೀರಂತೆ. “ಅರವತ್ತೆಂಟರ ಮದುಮಗಳು ಕಣೇ ನೀನು, ಮರ್ಯಾದೆ ಕೊಟ್ರೆ ಸುಮ್ನೆ ತಗೋಬೇಕು” ಎಂದು ನಿಮ್ಮ ಮೈದುನ, ನನ್ನ ಹೊಸ ಗಂಡ ಡೆಲ್ಮಾರ್ ಬೆಳಗಿನಿಂದ ರೇಗಿಸುತ್ತಿದ್ದಾರೆ.

ದಯವಿಟ್ಟು ಬೇಡ. ಮೂವತ್ತು ವರ್ಷ ಮಕ್ಕಳಿಗೆ ನಮ್ಮ ಚರ್ಚಿನ ಚರಿತ್ರೆ ಹೇಳಿಕೊಟ್ಟವಳು ನಾನು. ಚರ್ಚನ್ನು ಇಂದಿಗೂ ನಡೆಸುವ ನಮ್ಮ ಹನ್ನೆರಡು ಜನ ಅಪೊಸ್ತಲರು ಕೂರುವುದು ವಯಸ್ಸು ನೋಡಿ ಅಲ್ಲ, ಕರೆ ಬಂದ ದಿನ ನೋಡಿ. ಎಪ್ಪತ್ತರವರೇ ಹೊಸದಾಗಿ ಬಂದರೂ ಮೊದಲೇ ಬಂದ ಐವತ್ತೈದರವರ ನಂತರವೇ ಕೂರಬೇಕು. ಒಳಗೆ ಸೇರಿದ್ದಾಗ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗಿ ತೆರೆಯುವುದೂ ಆ ಹೊಸಬರೇ.

ಆದ್ದರಿಂದ ನನಗೆ ಬಾಗಿಲ ಪಕ್ಕದ ಕೊನೆಯ ಕುರ್ಚಿ ಕೊಡಿ. ನಿಮ್ಮ ಮೊಮ್ಮಗು ಚೆಲ್ಲುವ ಹಸಿರು ಜೆಲ್ಲಿಯನ್ನು ನಾನೇ ಒರೆಸುತ್ತೇನೆ. ದೊಡ್ಡ ಕುರ್ಚಿಯಲ್ಲಿ ಕೂರಿಸಿದರೆ ಊಟ ಮುಗಿಸಿ ಹೊರಡುವ ಅತಿಥಿಯಾಗಿಬಿಡುತ್ತೇನೆ.

ಒಂಟಿಯಾಗಿದ್ದ ಅಷ್ಟೂ ವರ್ಷ ಬ್ರೆಡ್ ಬೇಯಿಸಿಕೊಂಡು ಹೋಗಿ ಊರವರ ಬಾಗಿಲು ತಟ್ಟಿದ್ದೇನೆ. ಒಳಗಿನಿಂದ ಯಾರಾದರೊಬ್ಬರು “ಯಾರದು?” ಎನ್ನುತ್ತಿದ್ದರು. ಈ ಭಾನುವಾರ ಬಾಗಿಲು ತಟ್ಟಿದ ಸದ್ದಾದರೆ ನೀವು ಯಾರೂ ಏಳಬೇಡಿ. ಒಳಗಿನಿಂದ “ಯಾರದು?” ಎಂದು ಒಂದು ಸಲ ನಾನು ಕೇಳಬೇಕು.

ನಿಮ್ಮ ಮನೆಯ ಕಿರಿಸೊಸೆ,
ಥೋರಾ